ಹಗೇವಿನ ಬಾಯಿ

ಕಲಬುರ್ಗಿ
೧೨ ಫೆಬ್ರವರಿ ೧೯೪೯

ಚಿ. ಸೌ. ಲಲಿತಾಬಾಯಿಗೆ ಅಣ್ಣ ನೀಲಕಂಠನ ಆಶೀರ್ವಾದಗಳು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಡಳಿತ ಮುಗಿದ ಮೇಲೆ ನಮ್ಮ ಕಚೇರಿಯ ನಡೆಯೇ ಬದಲಾಗಿದೆ. ವಿಚಾರಣೆ ನಡೆಸುವ ಹೊಸ ಸಾಹೇಬರು ಮದ್ರಾಸಿನ ಕಡೆಯವರು. ಅವರಿಗೆ ಉರ್ದು ಬಾರದು, ಕನ್ನಡವೂ ಬಾರದು. ಹಳ್ಳಿಗಳಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗಳೆಲ್ಲ ಇರುವುದು ಉರ್ದುವಿನಲ್ಲಿ. ಅವನ್ನು ಹಿರಿಯ ತರ್ಜುಮೆದಾರ ಹಣಮಂತರಾಯರು ಇಂಗ್ಲಿಷಿಗೆ ತಿರುಗಿಸುತ್ತಾರೆ. ವಿಚಾರಣೆಯ ದಿನ ಸಾಕ್ಷಿಗೆ ಓದಿ ಹೇಳಬೇಕಲ್ಲ, ಅದಕ್ಕಾಗಿ ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತರುವುದು ನನ್ನ ಪಾಲಿನ ಕೆಲಸ. ಅಪ್ಪ ನನ್ನನ್ನು ಉರ್ದು ಶಾಲೆಗೆ ಹಾಕಿ, ನಿನಗೆ ಮಾತ್ರ ಶರಣಸಿರಸಗಿಯ ಮನೆಯ ಕಟ್ಟೆಯ ಮೇಲೆ ತಾನೇ ಕನ್ನಡ ಕಲಿಸಿದ. ಈಗ ಸರಕಾರ ನನಗೆ ಕನ್ನಡ ಬರೆಸುತ್ತಿದೆ.

ಮೊನ್ನೆ ಕೈಗೆ ಬಂದ ಕಾಗದದ ಮೇಲೆ ಕಮಲಾಪುರ ಎಂದಿತ್ತು. ಕೆಳಗೆ ನೋಡಿದರೆ ನಿನ್ನ ಹೆಸರು. ನಿಮ್ಮ ಅತ್ತೆ ಶಂಕ್ರಮ್ಮನವರು ಗಲಾಟೆಯಲ್ಲಿ ತೀರಿದರು ಎಂದಷ್ಟೇ ನೀನು ಬರೆದಿದ್ದೆ. ಇಷ್ಟನ್ನು ಎದೆಯಲ್ಲಿ ಇಟ್ಟುಕೊಂಡು ಹೇಗೆ ಇದ್ದೆ? ಹೇಳಿಕೆಯಲ್ಲಿ ಏನಿದೆಯೆಂದು ಪತ್ರದಲ್ಲಿ ಬರೆಯುವುದು ಕಾಯಿದೆಗೆ ವಿರುದ್ಧ. ನಿನ್ನ ಮಾತು ಗಟ್ಟಿಯಾಗಿದೆ ಎಂದು ಮಾತ್ರ ಹೇಳುತ್ತೇನೆ. ವಿಚಾರಣೆಯಲ್ಲಿ ಓದಿ ಹೇಳಿದಾಗ "ಹೌದು" ಎಂದರೆ ಸಾಕು. ಸಾಕ್ಷಿಯ ಅಣ್ಣನೇ ಕನ್ನಡ ಬರೆದಿದ್ದಾನೆಂದು ಹೊರಗೆ ತಿಳಿಯಬಾರದು. ತಿಳಿದರೆ ನನ್ನ ನೌಕರಿಗೆ ಕುತ್ತು.

ನಿನ್ನ ಅಣ್ಣ
ನೀಲಕಂಠ


ಕಮಲಾಪುರ
೨೭ ಫೆಬ್ರವರಿ ೧೯೪೯

ತೀರ್ಥರೂಪ ಸಮಾನರಾದ ಅಣ್ಣನವರ ಪಾದಗಳಿಗೆ ಲಲಿತಾಳ ಶರಣು ಶರಣಾರ್ಥಿ.

ನಿಮ್ಮ ಪತ್ರ ಮುಟ್ಟಿತು. ಮಾವನವರು ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಓದಿದರು. "ಕಾಗದ ನಮ್ಮ ಬೀಗರ ಕೈಯಾಗ ಐತಿ, ಇನ್ನ ಯಾತರ ಚಿಂತಿ" ಎಂದು ಸಂತೋಷಪಟ್ಟರು. ನಮ್ಮ ಮನೆಗೆ ಬರುವ, ಹೋಗುವ ಪತ್ರಗಳನ್ನೆಲ್ಲ ಅವರೇ ನೋಡುತ್ತಾರೆ. ನಮ್ಮ ಮನೆಯವರು ಬಾಳೆ ತೋಟದಲ್ಲೇ ಹೆಚ್ಚಾಗಿ ಇರುತ್ತಾರೆ. ನಾನು ನೀರಿಗೂ ಹೊರಗೆ ಹೋಗುವುದು ಬೇಡವೆಂದು ಮಾವನವರು ಹೇಳಿದ್ದಾರೆ. ಒಳಗೇ ಇರುತ್ತೇನೆ.

ನಮ್ಮ ನೆರೆಮನೆಯ ಪಿಂಜಾರ ಮೈಬೂಬ, ಅರಳೆ ಹಿಂಜಿ ಗಾದಿ ತುಂಬುವವನು, ಪೊಲೀಸ್ ಆಕ್ಷನ್ ಆದಂದಿನಿಂದ ಅಲ್ಲಿಯ ಜೈಲಿನಲ್ಲಿ ಇದ್ದಾನೆ. ನನ್ನ ಹೇಳಿಕೆ ಓದಿದ ಮೇಲೆ ಅವನನ್ನು ಬಿಡುತ್ತಾರೇನು? ಇದೊಂದು ಮಾತು ತಪ್ಪದೆ ಬರೆಯಿರಿ. ಅದನ್ನೇ ನೆನೆದು ಊಟ ಸೇರುವುದಿಲ್ಲ.

ನಿಮ್ಮ ತಂಗಿ
ಲಲಿತಾ


ಕಲಬುರ್ಗಿ
೯ ಮಾರ್ಚ್ ೧೯೪೯

ಚಿ. ಸೌ. ಲಲಿತಾಳಿಗೆ ಆಶೀರ್ವಾದಗಳು.

ಹೆದರಬೇಡ. ಅವನನ್ನು ಬಿಡುವುದಿಲ್ಲ. ನಿನ್ನ ಹೇಳಿಕೆ ಇರುವ ತನಕ ಬಿಡಲು ಬರುವುದೂ ಇಲ್ಲ. ಕೊಲೆಯ ಆರೋಪಕ್ಕೆ ಅದೇ ಆಧಾರ. ನಿನ್ನ ಮನಸ್ಸಿಗೆ ಸಮಾಧಾನ ಆಗಲಿ ಎಂದು ಕಾಯಿದೆ ಮೀರಿ ಆ ಸಾಲನ್ನು ಬರೆಯುತ್ತಿದ್ದೇನೆ: "ಮೈಬೂಬನು ನನ್ನ ಅತ್ತೆಯನ್ನು ಕುಣಿಗೆ ಇಳಿಸಿ, ಆಕೆಯ ಬಾಯಿ ಒತ್ತಿ ಹಿಡಿದು, ಆಕೆಯ ಮೇಲೆ ಕುಳಿತನು." ಇಂಗ್ಲಿಷಿನಲ್ಲಿ ಬಾಯಿಯನ್ನು ನಿಲ್ಲಿಸಿದ ಎಂಬಂಥ ಮಾತಿತ್ತು. "ಮುಚ್ಚಿದ" ಎಂದರೆ ಸಪ್ಪೆ, "ಕಟ್ಟಿದ" ಎಂದರೆ ಬಟ್ಟೆ ಕಟ್ಟಿದಂತೆ. ಕೊನೆಗೆ "ಒತ್ತಿ ಹಿಡಿದು" ಎಂದು ಬರೆದೆ. ಹಣಮಂತರಾಯರು ಓದಿ, "ಭೇಷ್, ಹೆಣ್ಣುಮಗಳ ನೋವು ಕನ್ನಡದಾಗ ತಿರುಗಿ ಬಂತು ನೋಡು" ಎಂದರು.

ಕಳೆದ ವಾರ ಕಚೇರಿಯ ಗೇಟಿನ ಹತ್ತಿರ ಮಸ್ತಾನಬಿ ಎಂಬಾಕೆ ಬಂದಿದ್ದಳು. ಮೈಬೂಬನ ಹೆಂಡತಿಯಂತೆ. ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಜೈಲಿಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ. "ಸಾಹೇಬ್ರ, ಇದೊಂದು ತಗೋರಿ" ಎಂದು ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಚಾಚಿದಳು. ನಾಲ್ಕು ಜನ ನೋಡುತ್ತಿದ್ದರು. ಗದರಿಸಿ ಕಳಿಸಿಬಿಟ್ಟೆ. ಆರೋಪಿಯ ಹೆಂಡತಿಯ ಕೈಯಿಂದ ನಾನು ಏನು ತೆಗೆದುಕೊಂಡರೂ ಅದು ಲಂಚವೇ ಆಗುತ್ತದೆ.

ವಿಚಾರಣೆ ಏಪ್ರಿಲ್ ಕೊನೆಗೆ.

ನೀಲಕಂಠ


ಕಮಲಾಪುರ
೧೭ ಮಾರ್ಚ್ ೧೯೪೯

ಅಣ್ಣಾ,

ಮಸ್ತಾನಬಿಯ ಬಟ್ಟೆಯಲ್ಲಿ ಇದ್ದದ್ದು ನನ್ನ ಪತ್ರ. ಅವಳು ಅಳುತ್ತ ತಿರುಗಿ ತಂದುಕೊಟ್ಟಳು. ಈ ಸಲ ಗೇಟಿಗೆ ಬೇಡ, ನಿನ್ನ ಮನೆಗೇ ಹೋಗೆಂದು ಹೇಳಿದ್ದೇನೆ. ಹಿತ್ತಲಿನ ಗೋಡೆಯ ಮೇಲಿಂದ ಇದನ್ನು ಅವಳ ಕೈಗೇ ಕೊಡುತ್ತಿದ್ದೇನೆ. ದಯಮಾಡಿ ತೆಗೆದುಕೋ.

ನಿನ್ನ ಒಂಬತ್ತನೆಯ ತಾರೀಖಿನ ಪತ್ರವನ್ನು ಮಾವನವರು ಓದುತ್ತಿದ್ದಾಗ ನಾನು ಒಲೆಯ ಮುಂದೆ ಇದ್ದೆ. ಆ ಸಾಲು ಕೇಳಿ ಕೈಯಲ್ಲಿದ್ದ ಹಿಟ್ಟು ಹಾಗೇ ಬಿತ್ತು. ಅದನ್ನು ನಾನು ಹೇಳಿಲ್ಲ. ನಾನು ಕೇಳಿದ್ದು ಅವನನ್ನು ಯಾವಾಗ ಬಿಡುತ್ತಾರೆ ಎಂದು. ಬಿಟ್ಟುಬಿಡುತ್ತಾರೆಂದು ಹೆದರಿ ಅಲ್ಲ.

ಹೋದ ಶ್ರಾವಣದಲ್ಲಿ ರಜಾಕಾರರು ಕಮಲಾಪುರದ ಕಡೆ ಬರುತ್ತಿದ್ದಾರೆಂದು ಸುದ್ದಿ ಬಂದಾಗ ಮಾವನವರೂ ನಮ್ಮ ಮನೆಯವರೂ ಎತ್ತು, ಬಂಗಾರ ತೆಗೆದುಕೊಂಡು ಸೋಲಾಪುರದ ಹಾದಿ ಹಿಡಿದರು. "ಹೆಂಗಸರನ್ನ ಯಾರೂ ಮುಟ್ಟಂಗಿಲ್ಲ. ಗಾಡಿ ತಗೊಂಡು ತಿರುಗಿ ಬರ್ತೀವಿ" ಅಂದರು. ಅವರು ಬರುವ ಮೊದಲೇ ಕುದುರೆಗಳು ಬಂದವು. ಊರ ಆ ತುದಿಯಲ್ಲಿ ಹೊಗೆ ಎದ್ದಿತ್ತು. ಮೈಬೂಬ ಹಿತ್ತಲಿನ ಗೋಡೆ ಜಿಗಿದು ಬಂದ. "ಅಕ್ಕಾರ, ಲಗೂನ ಬರ್ರಿ. ಹಗೇವಿನಾಗ ಇಳೀರಿ, ಬ್ಯಾರೆ ದಾರಿ ಇಲ್ಲ" ಅಂದ.

ನಮ್ಮ ಹಿತ್ತಲಿನ ಹಗೇವು ನೀನು ನೋಡಿದ್ದೀ. ನೆಲದೊಳಗೆ ಗಡಿಗೆಯಂತೆ ತೋಡಿದ್ದು, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ. ಅರ್ಧಕ್ಕೆ ಹಳೇ ಜೋಳ ಇತ್ತು. ಬಾಯಿ ತೆರೆದು ಬಹಳ ಹೊತ್ತು ಗಾಳಿ ಆಡಿಸದೆ ಒಳಗೆ ಯಾರೂ ಇಳಿಯುವುದಿಲ್ಲ. ಆದರೆ ಹೊತ್ತು ಎಲ್ಲಿತ್ತು? ಅತ್ತೆಯನ್ನು ಇಳಿಸಿದ, ನನ್ನನ್ನು ಇಳಿಸಿದ. ಕಲ್ಲು ಎಳೆದು ಬಾಯಿ ಮುಚ್ಚಿದ. ಕಲ್ಲಿನ ಮೇಲೆ ಅರಳೆ ಹರವಿಕೊಂಡು ತಾನೇ ಕುಳಿತು ಹಿಂಜತೊಡಗಿದ. ಬಿಲ್ಲಿನ ನಾರು ಮಿಡಿಯುವ ಸದ್ದು ನಮಗೆ ಕೆಳಗೆ ಕೇಳುತ್ತಿತ್ತು. ಕುದುರೆಯವರು ಬಂದು ಕೇಳಿದಾಗ, "ಈ ಮನಿಯವ್ರು ಎಲ್ಲಾರೂ ಸೋಲಾಪುರಕ್ಕ ಹೋಗ್ಯಾರ" ಎಂದ. ಒಬ್ಬ ಅವನನ್ನು ಒದ್ದ. ಅವನು ಏಳಲಿಲ್ಲ. ಎದ್ದಿದ್ದರೆ ಕಲ್ಲು ಕಾಣುತ್ತಿತ್ತು.

ಅವರು ಊರು ಬಿಟ್ಟ ಮೇಲೆ ಮೈಬೂಬ ಕಲ್ಲು ಸರಿಸುವ ಹೊತ್ತಿಗೆ ಅತ್ತೆ ಇರಲಿಲ್ಲ. ಒಳಗಿನ ಗಾಳಿ ಕೆಟ್ಟಿತ್ತು. ವಯಸ್ಸಾದ ಜೀವ ತಡೆಯಲಿಲ್ಲ, ನಾನು ಹೇಗೋ ಉಳಿದೆ.

ಪೊಲೀಸರು ಬಂದಾಗ ನಾನು ಹೇಳಿದ್ದು ಇಷ್ಟೇ: "ಅತ್ತೀನ್ನ ಹಗೇವಿನಾಗ ಇಳಿಸಿದ, ಬಾಯಿ ಮುಚ್ಚಿದ, ಮ್ಯಾಲ ಕುಂತ." ಮಾವನವರು ಎದುರಿಗೆ ಇದ್ದರು. ಅದಕ್ಕಿಂತ ಹೆಚ್ಚು ಬಾಯಿ ಬರಲಿಲ್ಲ. ಮುನ್ಷಿ ಬರೆದುಕೊಂಡ. ಓದಲು ಬಾರದ ಅಕ್ಷರದ ಕೆಳಗೆ ನಾನು ಕನ್ನಡದಲ್ಲಿ ಸಹಿ ಮಾಡಿದೆ. ಆ ಸಹಿಯಿಂದ ಅವನು ಮನೆಗೆ ಬರುತ್ತಾನೆ ಎಂದು ತಿಳಿದು ಇಷ್ಟು ದಿನ ದಾರಿ ಕಾದೆ.

ಏನು ಮಾಡಲಿ ಅಣ್ಣಾ?

ಲಲಿತಾ


ಕಲಬುರ್ಗಿ
೨೩ ಮಾರ್ಚ್ ೧೯೪೯

ಲಲಿತಾ,

ಇದನ್ನೂ ಮಸ್ತಾನಬಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಮೊನ್ನೆ ನಿನ್ನ ಪತ್ರ ತಂದಾಗ ಅವಳನ್ನು ಒಳಗೆ ಕರೆದು ಕೂಡಿಸಿ, ಗೇಟಿನಲ್ಲಿ ಗದರಿದ್ದಕ್ಕೆ ಕೈಮುಗಿದೆ. ನೀರು ಕುಡಿದು, ಉತ್ತರ ಒಯ್ಯಲು ಮತ್ತೆ ಬರುತ್ತೇನೆಂದು ಹೊರಟಳು.

ಮೂಲದ ಉರ್ದು ಕಾಗದ ತೆಗೆಸಿ ನೋಡಿದೆ. "ಸಾಸ್ ಕೋ ಗಡ್ಢೇ ಮೇಂ ಉತಾರಾ, ಮುಂಹ್ ಬಂದ್ ಕಿಯಾ, ಊಪರ್ ಬೈಠಾ." ಇಳಿಸಿದ, ಬಾಯಿ ಮುಚ್ಚಿದ, ಮೇಲೆ ಕುಳಿತ: ನಿನ್ನದೇ ಮಾತು, ಮುನ್ಷಿ ಸುಳ್ಳು ಬರೆದಿಲ್ಲ. ಹಗೇವಿಗೆ ಅವನು ಗಡ್ಢಾ, ಅಂದರೆ ಕುಣಿ, ಎಂದಿದ್ದಾನೆ, ಅಷ್ಟೇ. ಯಾರ ಬಾಯಿ ಎಂದು ನೀನೂ ಹೇಳಿಲ್ಲ, ಅವನೂ ಬರೆದಿಲ್ಲ. ನಮ್ಮ ಮಾತಿನಲ್ಲಿ ಅದು ನಡೆಯುತ್ತದೆ. ಇಂಗ್ಲಿಷಿನಲ್ಲಿ ಬಾಯಿ ಎಂದರೆ ಯಾರ ಬಾಯಿ ಎಂದು ಹೇಳಲೇಬೇಕು, ಇಲ್ಲದಿದ್ದರೆ ಸಾಲು ನಿಲ್ಲುವುದಿಲ್ಲ. ಹಣಮಂತರಾಯರು "ಆಕೆಯ" ಎಂದು ಸೇರಿಸಿದರು. ಎರಡು ಕಡೆ. ನಾನು ಬಂದು "ಒತ್ತಿ ಹಿಡಿದು" ಎಂದು ಇನ್ನೂ ಬಿಗಿ ಮಾಡಿದೆ.

ಅವರ ಹತ್ತಿರ ಹೋಗಿ, "ರಾಯರೇ, ಇದು ಹಗೇವಿನ ಬಾಯಿ ಇರಬಹುದಲ್ರೀ" ಎಂದೆ.

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಗೇವು ಅನ್ನೋ ಶಬ್ದ ಈ ಕಾಗದದಾಗ ಎಲ್ಲೈತಿ ತೋರಿಸು."

"ಇಲ್ಲರೀ."

"ಮತ್ತ ನಿನಗ ಹೆಂಗ ಗೊತ್ತು? ಆ ಹೆಣ್ಣುಮಗಳು ನಿನ್ನ ಮುಂದ ಬಂದು ಹೇಳ್ಯಾಳೇನು?"

ಹೌದು ಎಂದರೆ ನೀನು ನನ್ನ ತಂಗಿ ಎಂದು ಹೇಳಬೇಕು. ಆಮೇಲೆ ನಾನು ಏನು ಬರೆದರೂ, ಜೈಲಿನವನ ಹೆಂಡತಿ ಇವನ ಮನೆಗೆ ಹೋಗಿ ಬಂದಿದ್ದಾಳೆ, ಅಣ್ಣ ತಂಗಿ ಕೂಡಿ ಕಾಗದ ತಿದ್ದಿದ್ದಾರೆ ಎನ್ನುತ್ತಾರೆ. ಇಲ್ಲ ಎಂದರೆ ಸುಳ್ಳು ಹಾಗೇ ನಿಲ್ಲುತ್ತದೆ. "ಇಂಗ್ಲಿಷಿನಾಗ ಏನೈತಿ ಅದನ್ನ ಬರಿ, ನೀಲಕಂಠ. ಇಲ್ಲದ್ದು ಬರಿಯಾಕ ಹೋಗಬ್ಯಾಡ" ಎಂದು ರಾಯರು ಕಾಗದ ತಿರುಗಿ ಕೊಟ್ಟರು. ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಇಂಥ ಕಾಗದಗಳ ಗುಡ್ಡವೇ ಇದೆ.

ಇನ್ನು ಉಳಿದದ್ದು ನಿನ್ನ ಬಾಯಿ ಮಾತು. ಓದಿ ಹೇಳಿದಾಗ "ಇದು ನನ್ನ ಮಾತಲ್ಲ" ಎನ್ನು. ಎಲ್ಲರ ಮುಂದೆ ಎನ್ನು. ಅಷ್ಟು ಧೈರ್ಯ ಬರುತ್ತದೆಯೇ? ಬೀಗರು ಯಾಕೆ ಹೀಗೆ ಹಟ ಹಿಡಿದಿದ್ದಾರೆ ಎಂಬುದನ್ನೂ ಬರೆ.

ನೀಲಕಂಠ


ಕಮಲಾಪುರ
೨ ಏಪ್ರಿಲ್ ೧೯೪೯

ತೀರ್ಥರೂಪ ಸಮಾನರಾದ ಅಣ್ಣನವರಿಗೆ ಶರಣು ಶರಣಾರ್ಥಿ.

ನಾನು ಕ್ಷೇಮ. ಮಸ್ತಾನಬಿ ಇನ್ನು ಮೇಲೆ ನಮ್ಮ ಹಿತ್ತಲಿನ ಕಡೆ ಬರುವುದಿಲ್ಲ. ಗೋಡೆಯ ಮೇಲೆ ಮುಳ್ಳು ಹಾಕಿಸಿದ್ದಾರೆ. ನಿಮ್ಮ ಹಿಂದಿನ ಪತ್ರವನ್ನೂ ಮಾವನವರು ಓದಿದ್ದಾರೆ. ಪೊಲೀಸರ ಮುಂದೆ ನಾನು ಏನು ಹೇಳಿದ್ದೆನೋ ವಿಚಾರಣೆಯಲ್ಲಿ ಅದನ್ನೇ ಹೇಳುತ್ತೇನೆ, ಒಂದು ಮಾತೂ ಬದಲಿಸುವುದಿಲ್ಲ. ಹಾಗೆಂದು ಮಾವನವರಿಗೆ ಮಾತು ಕೊಟ್ಟಿದ್ದೇನೆ. ನೀವು ನನ್ನ ಚಿಂತೆ ಬಿಡಿರಿ.

ಲಲಿತಾಬಾಯಿ


ಕಲಬುರ್ಗಿ
೮ ಏಪ್ರಿಲ್ ೧೯೪೯

ಚಿ. ಸೌ. ಲಲಿತಾಬಾಯಿಗೆ,

ನಿನ್ನ ಪತ್ರ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿ ಇದ್ದೆ. ಗಂಡನ ಮನೆಯ ಹೆದರಿಕೆಗೆ ಒಬ್ಬನ ಕೊರಳನ್ನು ಕೊಟ್ಟಳಲ್ಲ ಎಂದು. ನಿನ್ನ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದರ ಅರ್ಥ ಯಾವುದು ಎಂದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ತರ್ಜುಮೆ ಮಾಡುವ ಚಟ ಇನ್ನು ಸಾಕು.

ನಿನ್ನೆ ಸಾಹೇಬರ ಮುಂದೆ ಹೋಗಿ, ಈ ಸಾಕ್ಷಿ ನನ್ನ ಒಡಹುಟ್ಟಿದ ತಂಗಿ ಎಂದು ಹೇಳಿದೆ. ಈ ಕಾಗದವನ್ನು ನಾನು ಮುಟ್ಟಬಾರದಿತ್ತು, ಬೇರೆಯವರಿಂದ ಮಾಡಿಸಿರಿ, ಉರ್ದು ಮೂಲವನ್ನೂ ಜೊತೆಗೆ ಓದಿಸಿರಿ ಎಂದು ಅರ್ಜಿ ಕೊಟ್ಟೆ. ತರ್ಜುಮೆಯಿಂದ ನನ್ನನ್ನು ತೆಗೆದು ನಕಲು ಬರೆಯುವ ಕೋಣೆಗೆ ಹಾಕಿದ್ದಾರೆ. ವಿಚಾರಣೆಯ ದಿನ ಒಳಗೆ ಬರಬಾರದು, ನಿನ್ನ ಹತ್ತಿರ ಮಾತಾಡಬಾರದು ಎಂದು ಹುಕುಂ ಆಗಿದೆ. ಹಣಮಂತರಾಯರು, "ಹುಚ್ಚು ಮಾಡಿಕೊಂಡಿ ತಮ್ಮಾ" ಎಂದರು. ಆದರೆ ಅರ್ಜಿಯನ್ನು ಸಾಹೇಬರಿಗೆ ತಿಳಿಸಿ ಹೇಳಿದವರು ಅವರೇ.

ಈ ಪತ್ರವನ್ನು ಬೀಗರು ಓದುತ್ತಾರೆಂದು ಗೊತ್ತಿದ್ದೇ ಟಪಾಲಿಗೆ ಹಾಕುತ್ತಿದ್ದೇನೆ. ದೌಲಪ್ಪನವರೇ, ನೀವು ಊರು ಬಿಟ್ಟಿರೆಂದು ಯಾರೂ ನಿಮ್ಮನ್ನು ಹಳಿದಿಲ್ಲ. ಆ ವರ್ಷ ಓಡದವರು ಯಾರಿದ್ದರು? ಇಲ್ಲೇ ಹತ್ತಿರದ ಕುಸನೂರಿಗೆ ಗಲಾಟೆ ಬಂದಿತು ಎಂದು ಕೇಳಿ ನಾನೇ ಮೂರು ದಿನ ಕೋಣೆಯ ಬಾಗಿಲು ತೆಗೆದಿರಲಿಲ್ಲ.

ನೀಲಕಂಠ


ಕಮಲಾಪುರ
೫ ಮೇ ೧೯೪೯

ಅಣ್ಣಾ,

ಮಸ್ತಾನಬಿ ಈಗ ಎದುರು ಬಾಗಿಲಿಗೇ ಬಂದು ನಿಲ್ಲುತ್ತಾಳೆ. ಅವಳನ್ನು ಹೋಗೆನ್ನಲು ಯಾರಿಗೂ ಮುಖವಿಲ್ಲ. ಅವಳ ಕೈಯಲ್ಲೇ ಕೊಡುತ್ತಿದ್ದೇನೆ.

ವಿಚಾರಣೆಯ ದಿನ ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ನೀನು ನಿಂತಿದ್ದನ್ನು ನೋಡಿದೆ. ಸೊರಗಿದ್ದೀ. ಮಾವನವರು ನನ್ನ ಹಿಂದೆಯೇ ಇದ್ದರು, ಕೈ ಎತ್ತಲೂ ಆಗಲಿಲ್ಲ.

ಒಳಗೆ ನಿನ್ನ ಜಾಗಕ್ಕೆ ಬಂದ ಹೊಸಬನೊಬ್ಬ ನೀನು ಬರೆದ ಕನ್ನಡವನ್ನೇ ಓದಿದ. "ಬಾಯಿ ಒತ್ತಿ ಹಿಡಿದು" ಎಂಬಲ್ಲಿಗೆ ಬಂದಾಗ ಮೈಬೂಬ ಕಟಕಟೆಯಲ್ಲಿ ತಲೆ ತಗ್ಗಿಸಿದ. ಕೂದಲೆಲ್ಲ ಬೆಳ್ಳಗಾಗಿವೆ.

"ಇದು ನಿಮ್ಮ ಮಾತ ಏನ್ರೀ?" ಎಂದು ಕೇಳಿದರು.

"ಅಲ್ಲರೀ. ಬಾಯಿ ಯಾರದು ಅಂತ ಮದಲ ಕೇಳ್ರಿ" ಎಂದೆ.

ಸಾಹೇಬರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹಗೇವಿನ ಬಾಯಿ ಎಂದೆ. ಆ ಹೊಸಬನಿಗೂ ಹಗೇವು ಎಂದರೆ ಇಂಗ್ಲಿಷಿನಲ್ಲಿ ಏನೆಂದು ತಿಳಿಯಲಿಲ್ಲ. ನಾನು ನೆಲದ ಮೇಲೆ ಕುಳಿತು ಕೈಯಿಂದ ತೋರಿಸಿದೆ. ಇಷ್ಟು ಆಳ, ಇಷ್ಟು ಬಾಯಿ, ಮೇಲೆ ಕಲ್ಲು, ಕಲ್ಲಿನ ಮೇಲೆ ಅವನು. ಆಮೇಲೆ ಉರ್ದು ಓದಿಸಿದರು. ಹಣಮಂತರಾಯರು ಎದ್ದು ನಿಂತು, ಮೂಲದಲ್ಲಿ "ಆಕೆಯ" ಎಂಬುದು ಇಲ್ಲ, ಅದು ತಾವು ಸೇರಿಸಿದ್ದು ಎಂದರಂತೆ. ಅದನ್ನು ಹೊಸಬ ನನಗೆ ಕನ್ನಡದಲ್ಲಿ ಹೇಳಿದ. ಸಾಹೇಬರು ಬಹಳ ಹೊತ್ತು ಬರೆದುಕೊಂಡರು.

ಮಾವನವರಿಗೆ ಕೊಟ್ಟ ಮಾತು ನಾನು ಮುರಿಯಲಿಲ್ಲ. ಪೊಲೀಸರ ಮುಂದೆ ಹೇಳಿದ್ದನ್ನೇ ಹೇಳಿದೆ. ನೀನು ಅದನ್ನು ತಿಳಿಯಲಿಲ್ಲವೆಂದು ನನಗೂ ನಿನ್ನ ಮೇಲೆ ಎರಡು ದಿನ ಸಿಟ್ಟು ಬಂದಿತ್ತು.

ಮನೆಗೆ ಬಂದ ಮೇಲೆ ಮಾವನವರು ಹಗೇವಿಗೆ ಮಣ್ಣು ತುಂಬಿಸಿದರು. ಅವರು ಯಾಕೆ ಹಟ ಹಿಡಿದರೆಂದು ನೀನು ಕೇಳಿದ್ದೆ. ಮೈಬೂಬ ಕಾಯ್ದ ಎಂದರೆ, ಕಾಯಬೇಕಾದವರು ಎಲ್ಲಿದ್ದರು ಎಂದು ಊರು ಕೇಳುತ್ತದೆ. ಅವನು ಕೊಂದ ಎಂದರೆ ಯಾರೂ ಏನೂ ಕೇಳುವುದಿಲ್ಲ. ನಮ್ಮ ಮನೆಯವರು ನನ್ನ ಕೂಡ ಮಾತಾಡುವುದಿಲ್ಲ, ತಂದೆಗೆ ಹೆದರಿ. ನನ್ನ ಊಟದ ತಾಟು ಬೇರೆ ಇಟ್ಟಿದ್ದಾರೆ. ಹೊರಗಿನ ಬಾಗಿಲಿಗೆ ಹಗಲೂ ಅಗಳಿ.

ಲಲಿತಾ


ಕಲಬುರ್ಗಿ
೨೮ ಜೂನ್ ೧೯೪೯

ಲಲಿತಾ,

ಮೈಬೂಬನನ್ನು ಬಿಟ್ಟರು. ಜೈಲಿನ ಬಾಗಿಲಲ್ಲಿ ಮಸ್ತಾನಬಿಯ ಜೊತೆ ನಾನೂ ನಿಂತಿದ್ದೆ. ಹೊರಗೆ ಬಂದವನು ಬಿಸಿಲಿಗೆ ಕಣ್ಣು ಬಿಡಲಾರದೆ ಗೋಡೆ ಹಿಡಿದು ನಿಂತ. ಅವರಿಬ್ಬರನ್ನೂ ಬಸ್ಸಿನ ತನಕ ಕಳಿಸಿ ಬಂದೆ.

"ಲಲಿತಾ ಅಕ್ಕಾರು ಹೆಂಗಿದ್ದಾರ್ರಿ?" ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಕೆಮ್ಮಿ, ಸುಧಾರಿಸಿಕೊಂಡು ಹೇಳಿದ: "ಒಂದು ಬೆರಳು ಹೋಗುವಷ್ಟು ಸಂದಿ ಬಿಟ್ಟಿದ್ರ ದೊಡ್ಡಮ್ಮ ಉಳೀತಿದ್ಲು ಸಾಹೇಬ್ರ. ಕುದುರಿ ಸಪ್ಪಳ ಕೇಳಿ ಕಲ್ಲು ಪೂರಾ ಎಳದುಬಿಟ್ಟೆ. ಜೈಲಿನಾಗ ದಿನಾ ಅನ್ನಿಸ್ತಿತ್ತು, ಇವರು ಬರದದ್ದು ಖರೇನ ಐತಿ, ನಾನ ಕೊಂದೀನಿ ಅಂತ."

ಅವನ ಗಂಟನ್ನು ನಾನೇ ಎತ್ತಿ ಬಸ್ಸಿನಲ್ಲಿ ಇಟ್ಟೆ.

ನಾನು ನಕಲು ಕೋಣೆಯಲ್ಲೇ ಇದ್ದೇನೆ. ಬೇರೆಯವರ ಸಾಲುಗಳನ್ನು ಇದ್ದಂತೆ ಬರೆಯುವುದು, ಅಷ್ಟೇ. ಕಿಟಕಿಯಿಲ್ಲದ ಕೋಣೆ. ಪಂಚಮಿಗೆ ನಿನ್ನನ್ನು ಕರೆಯಲು ಬರಲೇ? ಬೀಗರು ಕಳಿಸದಿದ್ದರೆ ಬಾಗಿಲಲ್ಲೇ ಕೂಡುತ್ತೇನೆ.

ನೀಲಕಂಠ


ಕಮಲಾಪುರ
೧೬ ಜುಲೈ ೧೯೪೯

ಅಣ್ಣಾ,

ಮೈಬೂಬ ಮನೆಯಲ್ಲಿದ್ದಾನೆ. ಓಣಿಯವರು ಇನ್ನೂ ಅರಳೆ ಕೊಡುವುದಿಲ್ಲ. ಮಸ್ತಾನಬಿ ಹೊಲದ ಕೆಲಸಕ್ಕೆ ಹೋಗುತ್ತಾಳೆ.

ಒಂದು ಸಂಜೆ ಮಾವನವರು ನನ್ನನ್ನು ಪಡಸಾಲೆಗೆ ಕರೆದರು. ವಿಚಾರಣೆಯಾದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗೋಡೆಯ ಕಡೆ ಮುಖ ಮಾಡಿ ಕೇಳಿದರು: "ಒಳಗ ಇದ್ದಾಗ ಆಕಿ ಏನಂದ್ಲು? ಆಕಿ ಮಾತಿನಾಗ ಹೇಳು. ನಿನ್ನ ಮಾತಿನಾಗ ಬ್ಯಾಡ."

ಇಷ್ಟು ದಿನ ಇದನ್ನು ಪೊಲೀಸರೂ ಕೇಳಿರಲಿಲ್ಲ, ಸಾಹೇಬರೂ ಕೇಳಿರಲಿಲ್ಲ. ಹೇಳಿದೆ. ಅತ್ತೆ ಕತ್ತಲಲ್ಲಿ ನನ್ನ ಕೈ ಹಿಡಿದು ಅಂದದ್ದು: "ಅವ್ರು ಇಲ್ಲಿ ಇಲ್ಲ, ಛೊಲೋ ಆತು. ಇದ್ದಿದ್ರ ಸುಮ್ಮನ ಇರೋ ಮನಷ್ಯಾ ಅಲ್ಲ, ಅವ್ರನ್ನ ಕಡದು ಒಗೀತಿದ್ರು. ಸೋಲಾಪುರ ಮುಟ್ಟಿರಬೇಕು ಈಗ."

ಮಾವನವರು "ಇನ್ನೊಮ್ಮೆ ಹೇಳು" ಅಂದರು. ಹೇಳಿದೆ. ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡರು.

ಮರುದಿನದಿಂದ ಅಗಳಿ ತೆಗೆದರು. ನನ್ನ ತಾಟು ಒಳಗೆ ಬಂತು. ಆದರೆ ಈಗ ಪ್ರತಿ ಸಂಜೆ ಕರೆಯುತ್ತಾರೆ. ಅದೇ ಮಾತು ಹೇಳಿಸಿಕೊಳ್ಳುತ್ತಾರೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ, "ಅಲ್ಲ, ನಿನ್ನೆ ಹಂಗ ಹೇಳಿರಲಿಲ್ಲ" ಎನ್ನುತ್ತಾರೆ. ಮಣ್ಣು ತುಂಬಿದ ಆ ಹಗೇವಿಗೆ ನಾನು ದಿನಾ ಇಳಿದು ಬರುತ್ತೇನೆ.

ಅವರು ತೃಪ್ತಿಯಾಗದೆ ಕೇಳುತ್ತಾರೆ: "ಮತ್ತೇನರ ಅಂದ್ಲೇನವಾ?"

"ಇಲ್ಲರೀ, ಅಷ್ಟ" ಎನ್ನುತ್ತೇನೆ.

ಈ ಪತ್ರವನ್ನು ಮಸ್ತಾನಬಿಯ ಕೈಯಲ್ಲೇ ಕೊಡುತ್ತಿದ್ದೇನೆ, ಅದಕ್ಕೆ ನಿನಗೊಬ್ಬನಿಗೆ ಹೇಳುತ್ತೇನೆ. ಅಷ್ಟೇ ಅಲ್ಲ. ಉಸಿರು ಕಟ್ಟುವ ಹೊತ್ತಿಗೆ ಅತ್ತೆ ಇನ್ನೊಂದು ಮಾತು ಕೇಳಿದಳು: "ನಮ್ಮನ್ನ ಬಿಟ್ಟು ಹೆಂಗ ಹೋದ್ರು, ತಂಗೀ?" ನಾನು ಉತ್ತರ ಹುಡುಕುವುದರೊಳಗೆ ಅವಳ ಕೈ ಸಡಿಲಾಯಿತು.

ಪಂಚಮಿಗೆ ಬಾ ಅಣ್ಣಾ. ಮಾವನವರು ಈಗ ಕಳಿಸುತ್ತಾರೆ. ನಾಲ್ಕು ದಿನ ಎಂದು ಕೇಳು, ಎಂಟು ದಿನ ಇಟ್ಟುಕೋ. ಅಲ್ಲಿ ನನಗೆ ಏನೂ ಕೇಳಬೇಡ.

ನಿನ್ನ
ಲಲಿತಾ